ಬ್ಯಾಟರಿ ಸೈಕಲ್ಲಿಗೆ ಲೈಸೆನ್ಸ್ ಬೇಕೇ? ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದೊಂದು ಸೈಕಲ್ ಅಂಗಡಿ. ಮಾರಾಟಕ್ಕಿಂತ ರಿಪೇರಿಯೇ ಹೆಚ್ಚು. ಕೆಲವು ವರ್ಷಗಳಿಂದ ಬ್ಯಾಟರಿ ಸೈಕಲ್ಲುಗಳೂ ಬರತೊಡಗಿವೆ, ಅವುಗಳ ಬೆನ್ನಿಗೇ ಪ್ರಶ್ನೆಗಳೂ ಬಂದಿವೆ. ಪಂಕ್ಚರ್ ಹಾಕಿಸಲು ಬಂದವರು ಕೂಡ ಪಕ್ಕದಲ್ಲಿ ನಿಂತ ಬ್ಯಾಟರಿ ಸೈಕಲ್ಲಿನ ಸೀಟು ತಟ್ಟಿ ಒಂದು ಪ್ರಶ್ನೆ ಕೇಳಿಯೇ ಹೋಗುತ್ತಾರೆ. ಕೆಲವರು ಫೋನ್ ಮಾಡುತ್ತಾರೆ, ಇನ್ನು ಕೆಲವರು ಕಾಗದ ಬರೆದು ಕೇಳಿದ್ದೂ ಉಂಟು. ಒಂದೇ ಉತ್ತರವನ್ನು ನೂರು ಸಲ ಹೇಳುವ ಬದಲು ಒಮ್ಮೆ ಬರೆದಿಡೋಣ ಎಂದು ಕುಳಿತೆ. ನಾನು ವಕೀಲನಲ್ಲ. ಕಾಯ್ದೆಯ ಪುಸ್ತಕ ತರಿಸಿಕೊಂಡು, ಗ್ರೀಸಿನ ಕೈಯಲ್ಲೇ ಪುಟ ತಿರುವಿ ಓದಿದವನು.

## ಮೊದಲು ತಿಳಿಯಬೇಕಾದದ್ದು

ಸುತ್ತಿಬಳಸಿ ಬೇಡ, ಒಂದೇ ಮಾತಿನಲ್ಲಿ ಹೇಳಿ: ಲೈಸೆನ್ಸ್ ಬೇಕೇ, ಬೇಡವೇ?

ಯಂತ್ರ ಮಿತಿಯೊಳಗಿದ್ದರೆ ಬೇಡ, ಮಿತಿ ದಾಟಿದ್ದರೆ ಬೇಕು.

ಮಿತಿ ಯಾವುದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ನಿಯಮ 2(ಯು)ನಲ್ಲಿ ಬರೆದಿದೆ. ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವ್ಯಾಟ್‌ಗಿಂತ, ಅಂದರೆ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಪೆಡಲ್ ತುಳಿದಾಗ ಮೋಟಾರು ನೆರವಿಗೆ ಬರುವ ಬಗೆಯ ಸೈಕಲ್ಲಾದರೆ, ವೇಗ ಹೆಚ್ಚಿದಂತೆ ಮೋಟಾರಿನ ಬಲ ಇಳಿಯುತ್ತಾ 25 ಕಿ.ಮೀ. ಮುಟ್ಟಿದಾಗ ಪೂರ್ತಿ ನಿಲ್ಲಬೇಕು. ಸವಾರ ತುಳಿಯುವುದನ್ನು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು. ಬ್ಯಾಟರಿ ಬಿಟ್ಟು ವಾಹನದ ತೂಕ 60 ಕಿಲೋ ಮೀರಬಾರದು. ಸರಿಯಾದ ಬ್ರೇಕುಗಳು, ಮುಂದೆ ಒಂದು ಬಿಳಿ ರಿಫ್ಲೆಕ್ಟರ್, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಬೇಕು. ಇವೆಲ್ಲವೂ ಇವೆಯೆಂದು ಸರ್ಕಾರ ಗುರುತಿಸಿದ ಪರೀಕ್ಷಾ ಸಂಸ್ಥೆಯೊಂದು ನೋಡಿ ಒಪ್ಪಿರಬೇಕು.

ಇಷ್ಟಿದ್ದರೆ ಆ ವಾಹನವನ್ನು "ಮೋಟಾರು ವಾಹನ" ಎಂದು ಪರಿಗಣಿಸುವುದಿಲ್ಲ. ಮೋಟಾರು ವಾಹನವೇ ಅಲ್ಲ ಎಂದ ಮೇಲೆ ಲೈಸೆನ್ಸ್, ನೋಂದಣಿ, ರಸ್ತೆ ತೆರಿಗೆ, ಕಡ್ಡಾಯ ವಿಮೆ ಯಾವುದೂ ಅನ್ವಯಿಸುವುದಿಲ್ಲ. ಇವುಗಳಲ್ಲಿ ಒಂದು ಷರತ್ತು ತಪ್ಪಿದರೂ ಎಲ್ಲವೂ ಒಟ್ಟಿಗೇ ತಲೆಯ ಮೇಲೆ ಬೀಳುತ್ತವೆ. ಅರ್ಧ ಸೈಕಲ್, ಅರ್ಧ ಮೋಟಾರ್ ಸೈಕಲ್ ಎಂಬ ನಡುವಿನ ಮೆಟ್ಟಿಲು ನಮ್ಮ ಕಾನೂನಿನಲ್ಲಿ ಇಲ್ಲ.

ಪೆಡಲ್ ಇದ್ದರೆ ಸೈಕಲ್, ಇಲ್ಲದಿದ್ದರೆ ಸ್ಕೂಟರ್. ಅಷ್ಟೇ ಅಲ್ಲವೇ?

ಅಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ. ಪೆಡಲ್ ಇಲ್ಲದ, ನೋಡಲು ಥೇಟ್ ಸ್ಕೂಟರಿನಂತೆಯೇ ಇರುವ ಸಣ್ಣ ವಾಹನ ಕೂಡ ಮೇಲಿನ ಮಿತಿಯೊಳಗಿದ್ದರೆ ವಿನಾಯಿತಿ ಪಡೆಯುತ್ತದೆ. ಪೆಡಲ್, ಚೈನ್, ಕ್ಯಾರಿಯರ್ ಎಲ್ಲವೂ ಇದ್ದು 45 ಕಿ.ಮೀ. ವೇಗದಲ್ಲಿ ಓಡುವ ಸೈಕಲ್ಲು ಕಾನೂನಿನ ಕಣ್ಣಿಗೆ ಮೋಟಾರ್ ಸೈಕಲ್. ಆಕಾರವನ್ನು ಯಾರೂ ಕೇಳುವುದಿಲ್ಲ.

ಹ್ಯಾಂಡಲ್ಲಿನಲ್ಲಿ ಎಕ್ಸಲರೇಟರ್ ಇದ್ದರೆ ತಪ್ಪೇ ಎಂದೂ ಕೇಳುತ್ತಾರೆ. ನಮ್ಮ ದೇಶದಲ್ಲಿ ತಪ್ಪಲ್ಲ. ಶಕ್ತಿ ಮತ್ತು ವೇಗ ಮಿತಿಯಲ್ಲಿದ್ದರೆ ಸಾಕು.

ನನ್ನ ಮಗನಿಗೆ 13 ವರ್ಷ. ಟ್ಯೂಷನ್ನಿಗೆ ಇದರಲ್ಲಿ ಕಳುಹಿಸಬಹುದೇ ಅಣ್ಣ?

ಮಿತಿಯೊಳಗಿನ ಸೈಕಲ್ಲಾದರೆ ಕಾನೂನು ವಯಸ್ಸು ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ ವಯೋಮಿತಿ ಮೋಟಾರು ವಾಹನಗಳಿಗೆ ಮಾತ್ರ. ನಾನಾದರೂ ಒಂದು ಮಾತು ಸೇರಿಸುತ್ತೇನೆ. ಮಾಮೂಲಿ ಸೈಕಲ್ಲನ್ನು ಸಂತೆ ದಿನದ ರಸ್ತೆಯಲ್ಲಿ ಧೈರ್ಯವಾಗಿ ಬಿಡಲು ಬಾರದ ಹುಡುಗನಿಗೆ ಬ್ಯಾಟರಿಯದ್ದು ಬೇಡ. ತುಳಿಯದೆಯೇ ಮುಂದೆ ನುಗ್ಗುವ ಗಾಡಿಗೆ ಬ್ರೇಕ್ ಹಿಡಿಯುವ ಅಂದಾಜು ಬೇರೆ.

ಅದೇ ಸೈಕಲ್ಲಿಗೆ ಕಾರ್ಖಾನೆಯವರು 25ಕ್ಕೆ ಹಾಕಿರುವ ವೇಗದ ಕಟ್ಟನ್ನು ಬಿಚ್ಚಿಸಿದ್ದರೆ ಕಥೆ ಪೂರ್ತಿ ಬದಲಾಗುತ್ತದೆ. ಆಗ ಅದು ಅಪ್ರಾಪ್ತ ವಯಸ್ಕ ಮೋಟಾರು ವಾಹನ ಓಡಿಸಿದ ಪ್ರಕರಣ. ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಮಗ ಹಟ ಹಿಡಿದನೆಂದು ಗ್ಯಾರೇಜಿಗೆ ಕರೆದೊಯ್ಯುವ ತಂದೆಯಂದಿರಿಗೆ ಈ ಕಲಮನ್ನು ನಾನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಹೆಲ್ಮೆಟ್ ಹಾಕದಿದ್ದರೆ ದಂಡ ಹಾಕುತ್ತಾರೆಯೇ?

ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಕಲಂ "ಮೋಟಾರ್ ಸೈಕಲ್" ಎನ್ನುತ್ತದೆ. ವಿನಾಯಿತಿ ಇರುವ ಬ್ಯಾಟರಿ ಸೈಕಲ್ಲಿಗೆ ಅದು ತಾಗುವುದಿಲ್ಲ, ಆದ್ದರಿಂದ ದಂಡವಿಲ್ಲ. ನೋಂದಣಿಯಾದ ಎಲೆಕ್ಟ್ರಿಕ್ ಸ್ಕೂಟರಿಗೆ ಕಡ್ಡಾಯ. ಕರ್ನಾಟಕದಲ್ಲಿ ಅದರ ದಂಡವನ್ನು 2019ರಲ್ಲಿ 500 ರೂಪಾಯಿಗೆ ಇಳಿಸಿದರು. ಇಷ್ಟು ಹೇಳಿದ ಮೇಲೂ ಹೆಲ್ಮೆಟ್ ಹಾಕಿಕೊಳ್ಳಿ. ಡಾಂಬರಿಗೆ ಕಲಮುಗಳ ಪರಿಚಯವಿಲ್ಲ.

ಹಸಿರು ನಂಬರ್ ಪ್ಲೇಟ್ ಹಾಕಿಸಬೇಕೇ?

ಹಸಿರು ಫಲಕ ನೋಂದಣಿಯಾದ ಎಲೆಕ್ಟ್ರಿಕ್ ವಾಹನಗಳಿಗೆ. ಸ್ವಂತ ಬಳಕೆಯದ್ದಕ್ಕೆ ಹಸಿರಿನ ಮೇಲೆ ಬಿಳಿ ಅಕ್ಷರ, ಬಾಡಿಗೆಯದ್ದಕ್ಕೆ ಹಳದಿ ಅಕ್ಷರ. ನೋಂದಣಿಯೇ ಬೇಡದ ಸೈಕಲ್ಲಿಗೆ ಫಲಕವೂ ಇಲ್ಲ. ಅಂದಕ್ಕೆಂದು ಸುಳ್ಳು ನಂಬರ್ ಬರೆಸಿಕೊಂಡವರೊಬ್ಬರು ಬಂದಿದ್ದರು. ಇಲ್ಲದ ತೊಂದರೆಯನ್ನು ದುಡ್ಡು ಕೊಟ್ಟು ತರುವುದು ಎಂದರೆ ಅದೇ.

## ಕೊಳ್ಳುವಾಗ

ಒಂದು ಕಡೆ 250 ವ್ಯಾಟ್, ಇನ್ನೊಂದು ಕಡೆ ಪೀಕ್ 500 ವ್ಯಾಟ್ ಎಂದು ಬರೆದಿದೆ. ಯಾವುದನ್ನು ನಂಬಬೇಕು?

ಎರಡೂ ನಿಜವಿರಬಹುದು. ನಿಯಮ ಕೇಳುವುದು "ಮೂವತ್ತು ನಿಮಿಷಗಳ ಶಕ್ತಿ"ಯನ್ನು, ಅಂದರೆ ಮೋಟಾರು ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು. ದಿಬ್ಬ ಹತ್ತುವಾಗ ಅದೇ ಮೋಟಾರು ಕೆಲವು ಕ್ಷಣ ಇಮ್ಮಡಿ ಎಳೆಯಬಹುದು. ಅದಕ್ಕೆ ಆಕ್ಷೇಪವಿಲ್ಲ. ಮೂಟೆ ಹೊರುವವನು ಒಮ್ಮೆ ಎತ್ತುವ ಭಾರವೇ ಬೇರೆ, ದಿನವಿಡೀ ಹೊರುವ ಭಾರವೇ ಬೇರೆ ಎಂದು ಹೋಲಿಸಿಕೊಂಡರೆ ಸಾಕು.

ಒಂದು ಕೂದಲು ಸೀಳುವ ವಿಷಯವೂ ಇದೆ. ನಿಯಮದ ಮಾತು "0.25 ಕಿಲೋವ್ಯಾಟ್‌ಗಿಂತ ಕಡಿಮೆ", ಕಂಪನಿಗಳು ಬರೆಯುವುದು "250 ವ್ಯಾಟ್". ಪರೀಕ್ಷಾ ವರದಿಯಲ್ಲಿ ಎಷ್ಟು ಬಂದಿದೆ ಎನ್ನುವುದೇ ಲೆಕ್ಕ, ಡಬ್ಬದ ಮೇಲಿನ ಅಂಕಿಯಲ್ಲ.

"ಐವತ್ತರಲ್ಲಿ ಓಡುತ್ತದೆ, ಲೈಸೆನ್ಸ್ ಬೇಡ, ಆರ್‌ಟಿಒ ಬೇಡ" ಎಂದು ಅಂಗಡಿಯವರೇ ಹೇಳುತ್ತಿದ್ದಾರಲ್ಲ?

ಆ ಮೂರರಲ್ಲಿ ಮೊದಲನೆಯದು ನಿಜವಾದರೆ ಉಳಿದೆರಡು ಸುಳ್ಳು. ಇದು ನನ್ನ ಕಸುಬಿನವರೇ ಮಾಡುವ ಮೋಸ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರ್ಖಾನೆಯಿಂದ ಬರುವಾಗ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ವೇಗವನ್ನು 25ಕ್ಕೆ ಕಟ್ಟಿಹಾಕಿರುತ್ತಾರೆ. ಪರೀಕ್ಷೆ ಪಾಸಾಗುವುದು ಆ ಸ್ಥಿತಿಯಲ್ಲಿ. ಆಮೇಲೆ ಮಳಿಗೆಯಲ್ಲೋ ಗ್ಯಾರೇಜಿನಲ್ಲೋ ಆ ಕಟ್ಟು ಸಡಿಲಿಸುತ್ತಾರೆ. ಗಿರಾಕಿಗೆ ಖುಷಿ, ಮಾರಿದವನಿಗೆ ವ್ಯಾಪಾರ. ಕೇರಳದಲ್ಲಿ 2023ರಲ್ಲಿ ಮೋಟಾರು ವಾಹನ ಇಲಾಖೆಯವರು ಮಳಿಗೆಗಳಿಗೇ ನುಗ್ಗಿ ಇಂಥ ವಾಹನಗಳನ್ನು ಹಿಡಿದರು.

ಕಾಯ್ದೆಯ 182ಎ ಕಲಂ ಮಾರುವವರ ಮೇಲೂ ಇದೆ: ನಿಯಮಕ್ಕೆ ಹೊಂದದ ಮೋಟಾರು ವಾಹನ ಮಾರಿದರೆ ಒಂದು ವರ್ಷದವರೆಗೆ ಜೈಲು ಅಥವಾ ವಾಹನಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡ. ಆದರೆ ರಸ್ತೆಯಲ್ಲಿ ಸಿಕ್ಕಿಬೀಳುವವರು ನೀವು. ಆ ಹೊತ್ತಿಗೆ "ಅಂಗಡಿಯವರು ಹೇಳಿದ್ದರು" ಎಂಬ ಮಾತು ರಶೀದಿಯಲ್ಲಿ ಇರುವುದಿಲ್ಲ. ವೇಗ ಬೇಕೆನ್ನುವವರಿಗೆ ನಾನು ಹೇಳುವುದು ಒಂದೇ: ನೋಂದಣಿಯಾಗುವ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಿ. ನನ್ನ ಗಿರಾಕಿ ಕೈತಪ್ಪುತ್ತಾನೆ, ಚಿಂತೆಯಿಲ್ಲ.

ಯಾವ ಯಾವ ಕಾಗದ ಕೇಳಿ ಪಡೆಯಬೇಕು?

ಚೌಕಟ್ಟಿನ ನಂಬರ್ ಬರೆದ ಬಿಲ್ ಒಂದು. ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ನಕಲು ಇನ್ನೊಂದು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಸಂಸ್ಥೆಗಳು. 126ನೇ ನಿಯಮದಲ್ಲಿ ಪೂರ್ತಿ ಪಟ್ಟಿ ಇದೆ. ಪ್ರಮಾಣಪತ್ರದಲ್ಲಿರುವ ಮಾದರಿಯ ಹೆಸರೂ ನಿಮ್ಮ ಸೈಕಲ್ಲಿನ ಮೇಲಿರುವ ಹೆಸರೂ ಒಂದೇ ಆಗಿದೆಯೇ ಎಂದು ಅಂಗಡಿಯಲ್ಲೇ ಹೋಲಿಸಿ. ಬೇರೆ ಮಾದರಿಯ ನಕಲನ್ನು ಮಡಚಿ ಕೈಗಿಡುವುದು ಹಳೆಯ ಚಾಳಿ.

ಇನ್ನೊಂದು ಸಣ್ಣ ಸಂಗತಿ. ಹೊಸ ಸೈಕಲ್ಲಿನ ಡಬ್ಬದಲ್ಲಿ ರಿಫ್ಲೆಕ್ಟರುಗಳು ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಜೋಡಿಸುವ ಹುಡುಗರು ಎಷ್ಟೋ ಸಲ ಆ ಚೀಲವನ್ನು ರಟ್ಟಿನ ಜೊತೆಗೇ ಎಸೆದುಬಿಡುತ್ತಾರೆ. ಬಿಳಿಯದು ಮುಂದೆ, ಕೆಂಪಿನದು ಹಿಂದೆ ಕೂರಿಸಿದ ಮೇಲೆಯೇ ಅಂಗಡಿ ಬಿಟ್ಟು ಹೊರಡಿ. ಅವು ವಿನಾಯಿತಿಯ ಷರತ್ತಿನಲ್ಲಿ ಸೇರಿವೆ.

ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಏನು ನೋಡಬೇಕು?

ಆರ್‌ಸಿ ಇಲ್ಲದ್ದರಿಂದ ಹೆಸರು ಬದಲಾವಣೆಯ ಗೋಜಿಲ್ಲ. ಹಳೆಯ ಬಿಲ್, ಮಾರಿದವರ ಸಹಿಯಿರುವ ಒಂದು ಕಾಗದ, ಅದರಲ್ಲಿ ಚೌಕಟ್ಟಿನ ನಂಬರ್, ಇಷ್ಟು ಸಾಕು. ಸೈಕಲ್ಲನ್ನು ತಲೆಕೆಳಗೆ ಮಾಡಿ, ಪೆಡಲಿನ ಇರುಸು ಹಾದುಹೋಗುವ ಗೂಡಿನ ತಳವನ್ನು ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಅಲ್ಲಿಯೇ ನಂಬರ್ ಕೊರೆದಿರುತ್ತದೆ. ಉಜ್ಜಿ ಅಳಿಸಿದ ಗುರುತು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.

ವೇಗದ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಮೀಟರ್ ಲೆಕ್ಕ ಹಾಕುವುದು ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದರಿಂದ. ಚಕ್ರದ ಅಳತೆಯನ್ನು ನಾವೇ ಅದಕ್ಕೆ ಹೇಳಿಕೊಡಬೇಕು. 26 ಇಂಚಿನ ಚಕ್ರವಿದ್ದು 20 ಇಂಚು ಎಂದು ಹೇಳಿಕೊಟ್ಟಿದ್ದರೆ, ಮೀಟರಿನಲ್ಲಿ 25 ತೋರಿಸುವಾಗ ಸೈಕಲ್ಲು ನಿಜವಾಗಿ 32ರ ಮೇಲೆ ಓಡುತ್ತಿರುತ್ತದೆ. ಹೋದ ವರ್ಷ ನನ್ನಲ್ಲಿಗೆ ಬ್ರೇಕ್ ಸರಿಮಾಡಿಸಲು ಬಂದ ಒಂದು ಸೈಕಲ್ಲು ಹೀಗೇ ಇತ್ತು. ಕೊಂಡವರಿಗೆ ಗೊತ್ತೇ ಇರಲಿಲ್ಲ. ಮೊಬೈಲಿನ ಜಿಪಿಎಸ್ ವೇಗವನ್ನು ಪಕ್ಕಕ್ಕಿಟ್ಟು ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ಗುಟ್ಟು ಬಯಲಾಗುತ್ತದೆ.

## ರಸ್ತೆಗೆ ಇಳಿದ ಮೇಲೆ

ಪೊಲೀಸರು ಕೈ ಅಡ್ಡ ಹಿಡಿದು ಆರ್‌ಸಿ ತೋರಿಸಿ ಎಂದರೆ?

ನಿಲ್ಲಿಸಿ, ಇಳಿಯಿರಿ, ಸಮಾಧಾನವಾಗಿ ಮಾತನಾಡಿ. ಅನುಮಾನ ಬರುವುದು ಸಹಜ, ಏಕೆಂದರೆ ನೋಂದಣಿ ತಪ್ಪಿಸಿಕೊಂಡು ಓಡುವ ವಾಹನಗಳೂ ಹೀಗೆಯೇ ಕಾಣುತ್ತವೆ. ಬಿಲ್ ಮತ್ತು ಪ್ರಮಾಣಪತ್ರದ ಫೋಟೊ ಮೊಬೈಲಿನಲ್ಲಿರಲಿ. ಮೋಟಾರಿನ ಮೈಮೇಲೆ ಕಡ್ಡಿಗಳ ನಡುವೆ ಕೊರೆದಿರುವ "36 ವೋಲ್ಟ್ 250 ವ್ಯಾಟ್" ಎಂಬ ಬರಹವನ್ನು ತೋರಿಸಿ. "ನಿಯಮ 2(ಯು) ಪ್ರಕಾರ ಇದು ಮೋಟಾರು ವಾಹನವಲ್ಲ ಸರ್" ಎಂಬ ಒಂದು ವಾಕ್ಯ ಸಾಕು, ಭಾಷಣ ಬೇಡ. ವಾಹನವನ್ನು ವಶಕ್ಕೆ ತೆಗೆದುಕೊಂಡರೆ ಲಿಖಿತ ಸ್ವೀಕೃತಿ ಪಡೆಯಿರಿ. ಪ್ರಮಾಣಪತ್ರ ಸರಿಯಿದ್ದರೆ ಅದನ್ನು ಹಿಡಿದುಕೊಂಡು ಠಾಣೆಗೋ ಆರ್‌ಟಿಒ ಕಚೇರಿಗೋ ಹೋಗಿ ಬಿಡಿಸಿಕೊಳ್ಳಬಹುದು.

ಚಾಮುಂಡಿ ಬೆಟ್ಟ ಇಳಿಯುವಾಗ ವೇಗ ತಾನಾಗಿಯೇ 40 ದಾಟುತ್ತದೆ. ಆಗ ನಾನು ಕಾನೂನು ಮುರಿದಂತೆಯೇ?

ಮೈಸೂರಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ, ನನಗೆ ಬಲು ಇಷ್ಟವಾಯಿತು. ಇಲ್ಲ. ಮೋಟಾರು 25ಕ್ಕೆ ಕೈಬಿಟ್ಟ ಮೇಲೆ ಉಳಿದದ್ದು ಇಳಿಜಾರಿನ ಕೆಲಸ, ಇಲ್ಲವೇ ನಿಮ್ಮ ಕಾಲಿನ ಕೆಲಸ. ಮಾಮೂಲಿ ಸೈಕಲ್ಲೂ ಅಲ್ಲಿ ಅಷ್ಟೇ ಓಡುತ್ತದೆ. ನಿಯಮ ಕಟ್ಟಿಹಾಕಿದ್ದು ಮೋಟಾರನ್ನು, ಬೆಟ್ಟವನ್ನಲ್ಲ. ಆದರೆ ಬ್ಯಾಟರಿ ಸೈಕಲ್ಲು ಸಾಮಾನ್ಯದ್ದಕ್ಕಿಂತ ಏಳೆಂಟು ಕಿಲೋ ಭಾರವಿರುತ್ತದೆ. ಇಳಿಯುವ ಮುನ್ನ ಬ್ರೇಕಿನ ರಬ್ಬರ್ ಸವೆದಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಬಹುದೇ?

ಮುಖ್ಯ ರಸ್ತೆಯಲ್ಲಿ ಖಂಡಿತ ಇಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿ ಮೋಟಾರ್ ಸೈಕಲ್, ಸ್ಕೂಟರ್, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರು ರಹಿತ ವಾಹನಗಳಿಗೂ ನಿಷೇಧವಿದೆ. ನಿಮ್ಮದು ಸೈಕಲ್ ಎಂದರೂ ಹೊರಗೆ, ಸ್ಕೂಟರ್ ಎಂದರೂ ಹೊರಗೆ. ಪಕ್ಕದ ಸರ್ವಿಸ್ ರಸ್ತೆ ಇದೆ.

ಸೈಕಲ್ಲಿನ ಪ್ರತ್ಯೇಕ ಪಥದಲ್ಲಿ, ಫುಟ್‌ಪಾತಿನಲ್ಲಿ ಓಡಿಸಬಹುದೇ?

ಸೈಕಲ್ ಪಥಗಳಲ್ಲಿ ಮೋಟಾರು ವಾಹನ ಬರಬಾರದು ಎಂಬುದು ನಿಯಮ. ವಿನಾಯಿತಿ ಇರುವ ಬ್ಯಾಟರಿ ಸೈಕಲ್ಲು ಮೋಟಾರು ವಾಹನವಲ್ಲದ್ದರಿಂದ ಆ ನಿಷೇಧ ಅದಕ್ಕೆ ತಟ್ಟುವುದಿಲ್ಲ. ಪಥ ಎಲ್ಲಿದೆ ಎನ್ನುವುದು ಬೇರೆ ಪ್ರಶ್ನೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಮಾಡಿದಾಗ ನಾನೂ ನೋಡಲು ಹೋಗಿದ್ದೆ. ಅದರಲ್ಲಿ ಸೈಕಲ್ಲಿಗಿಂತ ಬೈಕುಗಳನ್ನೇ ಹೆಚ್ಚು ಕಂಡೆ. ಫುಟ್‌ಪಾತು ನಡೆಯುವವರದ್ದು, ಅಲ್ಲಿ ಯಾವ ಚಕ್ರವೂ ಬೇಡ.

ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋಗಬಹುದೇ?

ನಮ್ಮ ತಂದೆಯವರ ಕಾಲದಲ್ಲಿ ಸೈಕಲ್ಲಿನಲ್ಲಿ ಇಬ್ಬರು ಕುಳಿತರೆ, ರಾತ್ರಿ ಡೈನಮೊ ದೀಪ ಉರಿಯದಿದ್ದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಮರುದಿನ ಬೆಳಿಗ್ಗೆ ನಮ್ಮ ಅಂಗಡಿಗೆ ವ್ಯಾಪಾರ. ಈಗ ಹಾಗೆ ಹಿಡಿಯುವುದನ್ನು ನಾನು ಕಂಡಿಲ್ಲ. ಮೋಟಾರು ವಾಹನ ಕಾಯ್ದೆಯ ಹಿಂಬದಿ ಸವಾರರ ಕಲಂ ಇಲ್ಲಿ ಅನ್ವಯಿಸುವುದಿಲ್ಲ. ಹಾಗಿದ್ದರೂ ತೆಳು ಕ್ಯಾರಿಯರ್ ಹೊರಬಲ್ಲ ಭಾರ ಎಷ್ಟೆಂದು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಹಲವದರಲ್ಲಿ 25 ಕಿಲೋ. ತರಕಾರಿ ಚೀಲಕ್ಕೆ ಸರಿ.

ಸ್ವಲ್ಪ ಕುಡಿದು ಓಡಿಸಿದರೆ ಏನೂ ಆಗುವುದಿಲ್ಲ ಅಲ್ಲವೇ? ಮೋಟಾರು ವಾಹನವೇ ಅಲ್ಲವಲ್ಲ!

ಬುದ್ಧಿವಂತಿಕೆಯ ಪ್ರಶ್ನೆ. ಊದಿಸಿ ಹಿಡಿಯುವ 185ನೇ ಕಲಂ ಮೋಟಾರು ವಾಹನಕ್ಕೆ ಸೇರಿದ್ದು ನಿಜ. ಆದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಲ್ಲಿ "ಯಾವುದೇ ವಾಹನ" ಎಂದಿದೆ. ಅಡ್ಡಾದಿಡ್ಡಿ, ಅಜಾಗರೂಕತೆಯಿಂದ ಓಡಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ಒಡ್ಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಕಿರಿಕಿರಿ ಮಾಡಿದರೆ 355ನೇ ಕಲಂ ಬೇರೆ. ಯಾರಾದರೂ ಸತ್ತರೆ 106ನೇ ಕಲಂ, ಐದು ವರ್ಷದವರೆಗೆ. ಸಿಗ್ನಲ್, ಏಕಮುಖ ಸಂಚಾರ ಇತ್ಯಾದಿಗಳಿಗೂ ಇದೇ ಮಾತು: ರಸ್ತೆಯಲ್ಲಿ ನಡೆಯುವವರನ್ನೂ ಸೈಕಲ್ ತುಳಿಯುವವರನ್ನೂ ನಿಯಂತ್ರಿಸುವ ಅಧಿಕಾರ ಪೊಲೀಸ್ ಕಾಯ್ದೆಯಲ್ಲಿ ಇದೆ.

ಲೈಸೆನ್ಸ್ ಇಲ್ಲ. ಊಟ ತಲುಪಿಸುವ ಕೆಲಸಕ್ಕೆ ಇದನ್ನು ಬಳಸಬಹುದೇ?

ಬಳಸಬಹುದು, ಬೆಂಗಳೂರಿನಲ್ಲಿ ಯುಲುವಿನಂಥ ಬಾಡಿಗೆ ವಾಹನಗಳಲ್ಲಿ ಸಾವಿರಾರು ಹುಡುಗರು ಅದನ್ನೇ ಮಾಡುತ್ತಿದ್ದಾರೆ. ಕೆಲಸ ಕೊಡುವ ಕಂಪನಿಯ ವಯಸ್ಸಿನ ಷರತ್ತು, ದಾಖಲೆಯ ಷರತ್ತು ಬೇರೆ ಇರುತ್ತವೆ. ಒಂದು ಎಚ್ಚರಿಕೆ: ಹತ್ತು ನಿಮಿಷದಲ್ಲಿ ತಲುಪಿಸಬೇಕೆಂಬ ಒತ್ತಡಕ್ಕೆ ವೇಗದ ಕಟ್ಟು ಬಿಚ್ಚಿಸಿಕೊಳ್ಳುವವರು ಹೆಚ್ಚಾಗಿ ಈ ಹುಡುಗರೇ. ಲೈಸೆನ್ಸ್ ಇಲ್ಲದವರಿಗೆ ಅದು ಇಮ್ಮಡಿ ಅಪರಾಧ.

## ಕಗ್ಗಂಟುಗಳು

ಹಳೆಯ ಸೈಕಲ್ಲಿಗೆ ಮೋಟಾರ್ ಕಿಟ್ ಹಾಕಿಸಿದ್ದೇನೆ. ಅದೂ ಸರಿಯೇ?

ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ಹೊತ್ತು ತಂದು "ಇದಕ್ಕೆ ಮೋಟಾರ್ ಕೂರಿಸಿ ಮಾಮ" ಎನ್ನುವ ಹುಡುಗರಿದ್ದಾರೆ, ಆದ್ದರಿಂದ ಇದು ನನಗೆ ಹತ್ತಿರದ ಪ್ರಶ್ನೆ.

ನಿಯಮದ ಅಕ್ಷರ ಹಿಡಿದು ಓದಿದರೆ ವಿನಾಯಿತಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ನಾನು ಇಲ್ಲಿ ಸ್ಪ್ಯಾನರ್ ಹಿಡಿದು ಜೋಡಿಸಿದ ಸೈಕಲ್ಲಿಗೆ ಪುಣೆಯ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಕಿಟ್ ತಯಾರಿಸಿದವರು ಅದಕ್ಕೆ ಪರೀಕ್ಷೆ ಮಾಡಿಸಿದ್ದರೆ ಆ ಕಾಗದ ವಾದಕ್ಕೆ ಒಂದು ಆಸರೆ, ಅಷ್ಟೇ. 250 ವ್ಯಾಟಿನೊಳಗೆ, 25ರ ಮಿತಿಯೊಳಗೆ ಇರುವ ಕಿಟ್ಟಿನ ಸೈಕಲ್ಲನ್ನು ಹಿಡಿದು ಕೇಸು ಹಾಕಿದ್ದನ್ನು ನಮ್ಮ ಊರಲ್ಲಿ ನಾನು ಕಂಡಿಲ್ಲ. ಆದರೆ ಅಪಘಾತವಾಗಿ ಎದುರು ಕಡೆಯ ವಕೀಲರು ಪುಸ್ತಕ ತೆರೆದ ದಿನ ಈ ಬಿರುಕು ಎದ್ದು ಕಾಣುತ್ತದೆ. ಹೀಗೆಂದು ಮೊದಲೇ ಹೇಳಿ, ಆಮೇಲೆಯೇ ಕೆಲಸ ಹಿಡಿಯುತ್ತೇನೆ. 250ರ ಮೇಲಿನ ಕಿಟ್ಟನ್ನು ಕೂರಿಸುವುದಿಲ್ಲ.

ಆನ್‌ಲೈನಿನಲ್ಲಿ 750 ವ್ಯಾಟಿನ ಸೈಕಲ್ ತರಿಸಿದ್ದೇನೆ. ಆರ್‌ಟಿಒದಲ್ಲಿ ನೋಂದಣಿ ಮಾಡಿಸಿಯೇ ಬಿಡುತ್ತೇನೆ, ಆಯಿತಲ್ಲ?

ಆಗುವುದಿಲ್ಲ, ಬೇಸರದ ಸಂಗತಿಯೆಂದರೆ ಇದೇ. ಮೋಟಾರು ವಾಹನವಾಗಿ ನೋಂದಣಿಯಾಗಬೇಕಾದರೆ ಆ ಮಾದರಿಗೆ ತಯಾರಕರು 126ನೇ ನಿಯಮದಡಿ ಅನುಮೋದನೆ ಪಡೆದಿರಬೇಕು. ಮಾರಾಟ ಪ್ರಮಾಣಪತ್ರವಾದ ನಮೂನೆ 21, ರಸ್ತೆಗೆ ಯೋಗ್ಯವೆಂದು ತಯಾರಕರು ಕೊಡುವ ನಮೂನೆ 22, ನಿಮ್ಮ ಅರ್ಜಿಯ ನಮೂನೆ 20 ಬೇಕು. ಕೊರಿಯರಿನಲ್ಲಿ ಬಂದ ಸೈಕಲ್ಲಿನ ಜೊತೆಗೆ ಇವು ಬರುವುದಿಲ್ಲ. ಕೊನೆಗೆ ಉಳಿಯುವುದೇನೆಂದರೆ ವಿನಾಯಿತಿಯೂ ಸಿಗದ, ನೋಂದಣಿಯೂ ಆಗದ ಒಂದು ತ್ರಿಶಂಕು. ಸಾರ್ವಜನಿಕ ರಸ್ತೆಯಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ನಮ್ಮ ಕಾಫಿ ತೋಟದೊಳಗೆ ಓಡಿಸಬಹುದೇ?

ಸಕಲೇಶಪುರದ ಕಡೆಯವರ ಪ್ರಶ್ನೆ. ಲೈಸೆನ್ಸಿನ ಕಲಮಾಗಲಿ ವಿಮೆಯ ಕಲಮಾಗಲಿ "ಸಾರ್ವಜನಿಕ ಸ್ಥಳ" ಎಂಬ ಮಾತಿನ ಮೇಲೆ ನಿಂತಿವೆ. ಜನರಿಗೆ ಪ್ರವೇಶದ ಹಕ್ಕಿರುವ ದಾರಿಯೆಲ್ಲವೂ ಸಾರ್ವಜನಿಕ ಸ್ಥಳ. ಗೇಟು ಹಾಕಿದ ಸ್ವಂತ ತೋಟದೊಳಗಿನ ದಾರಿ ಹಾಗಲ್ಲ, ಧಾರಾಳವಾಗಿ ಓಡಿಸಿ. ಆದರೆ ಎಷ್ಟೋ ತೋಟಗಳ ನಡುವೆ ಪಂಚಾಯಿತಿ ರಸ್ತೆ ಹಾದುಹೋಗುತ್ತದೆ. ಕಣದಿಂದ ಕೆಳಗಿನ ತೋಟಕ್ಕೆ ಹೋಗಲು ಆ ರಸ್ತೆಯನ್ನು ನೂರು ಮಾರು ಬಳಸಿದರೂ ಅಷ್ಟು ದೂರ ನೀವು ಸಾರ್ವಜನಿಕ ಸ್ಥಳದಲ್ಲಿದ್ದೀರಿ.

25 ಸಿಸಿ ಒಳಗಿನ ಎಂಜಿನ್ ಇದ್ದರೆ ಮೋಟಾರು ವಾಹನವಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಎಲೆಕ್ಟ್ರಿಕ್ ಮೋಟಾರಿಗೆ ಸಿಸಿಯೇ ಇಲ್ಲ. ಅಂದರೆ ಎಲ್ಲಕ್ಕೂ ವಿನಾಯಿತಿ ತಾನೇ?

ಕಾನೂನು ಓದುತ್ತಿದ್ದ ವಿದ್ಯಾರ್ಥಿಯೊಬ್ಬರು ಚಹಾ ಕುಡಿಯುತ್ತಾ ಹೂಡಿದ ವಾದ ಇದು. ಕಾಯ್ದೆಯ 2(28)ನೇ ಕಲಂ ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಎಂಜಿನ್ನಿನ ವಾಹನವನ್ನು ಹೊರಗಿಟ್ಟಿದೆ, ನಿಜ. ಅದು ಪೆಟ್ರೋಲ್ ಎಂಜಿನ್ ಕೂರಿಸಿದ ಸೈಕಲ್ಲುಗಳನ್ನು ಅಳೆಯುವ ಕೋಲು. ಬ್ಯಾಟರಿ ವಾಹನವನ್ನು ಆ ಕೋಲಿನಿಂದ ಅಳೆಯಲಾಗದ ಕಾರಣಕ್ಕೇ ವ್ಯಾಟ್ ಮತ್ತು ವೇಗದ ಲೆಕ್ಕವಿರುವ 2(ಯು) ಬಂತು. ವಾದ ನಿಜವಾಗಿದ್ದರೆ ಬೀದಿಯಲ್ಲಿ ಓಡುವ ದೊಡ್ಡ ಎಲೆಕ್ಟ್ರಿಕ್ ಸ್ಕೂಟರುಗಳಿಗೂ ಹಸಿರು ಫಲಕ ಬೇಕಿರಲಿಲ್ಲ. ಚಹಾದ ದುಡ್ಡು ಅವರೇ ಕೊಟ್ಟರು.

ವೇಗದ ಕಟ್ಟು ಬಿಚ್ಚಿಸಿದ ಸೈಕಲ್ಲಿನಿಂದ ಅಪಘಾತವಾದರೆ ಏನಾಗುತ್ತದೆ?

ಕಲಮುಗಳು ಒಂದರ ಮೇಲೊಂದು ಬೀಳುತ್ತವೆ. ಲೈಸೆನ್ಸ್ ಇಲ್ಲದ್ದಕ್ಕೆ 181, ನೋಂದಣಿ ಇಲ್ಲದ್ದಕ್ಕೆ 192, ವಿಮೆ ಇಲ್ಲದ್ದಕ್ಕೆ 196. ಕೇಂದ್ರ ಕಾಯ್ದೆಯ ಪ್ರಕಾರ ಮೊದಲನೆಯದಕ್ಕೆ 5,000 ರೂಪಾಯಿ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಎರಡನೆಯದಕ್ಕೆ 5,000 ರೂಪಾಯಿವರೆಗೆ, ಮೂರನೆಯದಕ್ಕೆ 2,000 ರೂಪಾಯಿ ಇಲ್ಲವೇ ಮೂರು ತಿಂಗಳವರೆಗೆ ಜೈಲು. ಸ್ಥಳದಲ್ಲೇ ಕಟ್ಟುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಇವು ಚಿಲ್ಲರೆ. ದೊಡ್ಡ ಪೆಟ್ಟು ಪರಿಹಾರದ್ದು. ವಿಮೆಯಿರುವ ವಾಹನವಾದರೆ ಗಾಯಾಳುವಿನ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಇಲ್ಲಿ ಕಂಪನಿಯೇ ಇಲ್ಲ. ನ್ಯಾಯಮಂಡಳಿ ನಿಗದಿ ಮಾಡಿದಷ್ಟನ್ನು ನಿಮ್ಮ ಕೈಯಿಂದ, ಮನೆ ಜಮೀನು ಮಾರಿಯಾದರೂ ಕಟ್ಟಬೇಕು. ಮಿತಿಯೊಳಗಿನ ಸೈಕಲ್ಲಿನಿಂದ ಯಾರಿಗಾದರೂ ಪೆಟ್ಟಾದರೂ ಹೊಣೆ ತಪ್ಪುವುದಿಲ್ಲ, ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಆಗ ಕಾನೂನು ಮುರಿದು ಬೀದಿಗಿಳಿದವರು ಎಂಬ ಹಣೆಪಟ್ಟಿಯಾದರೂ ಇರುವುದಿಲ್ಲ.

ನಾನು ಸರಿಯಾಗಿಯೇ ಹೋಗುತ್ತಿದ್ದೆ, ಕಾರು ಬಂದು ಗುದ್ದಿತು. ನನ್ನ ಸೈಕಲ್ಲಿಗೆ ವಿಮೆಯಿಲ್ಲ. ಪರಿಹಾರ ಸಿಗುತ್ತದೆಯೇ?

ಸಿಗುತ್ತದೆ. ಗುದ್ದಿದ್ದು ಮೋಟಾರು ವಾಹನವಾದ್ದರಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು; ಕೊಡಬೇಕಾದದ್ದು ಕಾರಿನ ವಿಮೆ. ಗುದ್ದಿ ಓಡಿಹೋಗಿ ಯಾರೆಂದೇ ತಿಳಿಯದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿಯ ಸರ್ಕಾರಿ ಪರಿಹಾರವಿದೆ. 2025ರ ಮೇಯಿಂದ ಮೋಟಾರು ವಾಹನ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ. ಮೊದಲು 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ದಾಖಲಾಗಲಿ. "ರಾಜಿ ಮಾಡಿಕೊಳ್ಳೋಣ" ಎಂದು ರಸ್ತೆಬದಿಯಲ್ಲಿ ಎರಡು ಸಾವಿರ ಕೈಗಿಟ್ಟು ಹೋದವರನ್ನು ಮತ್ತೆ ಹುಡುಕುವುದು ಕಷ್ಟ.

ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಇಲ್ಲಿಂದಲೇ ಒಂದು ಸೈಕಲ್ ಕಳುಹಿಸಲೇ?

ಬೇಡ ಅಮ್ಮ. ಅಂಕಿಗಳು ಅಲ್ಲಿಯೂ 250 ವ್ಯಾಟ್, 25 ಕಿ.ಮೀ.ಯೇ. ಆದರೆ ತುಳಿದರೆ ಮಾತ್ರ ಮೋಟಾರು ಓಡಬೇಕು. ನಮ್ಮ ಸೈಕಲ್ಲುಗಳ ಎಕ್ಸಲರೇಟರ್ ಅಲ್ಲಿ ನಡೆಯುವುದಿಲ್ಲ. 45 ಕಿ.ಮೀ. ಓಡುವ ಬಗೆಗೆ ಅಲ್ಲಿ ವಿಮೆಯ ಫಲಕ, ಲೈಸೆನ್ಸ್, ಹೆಲ್ಮೆಟ್ ಮೂರೂ ಬೇಕು. ನಮ್ಮಲ್ಲಿ ಇಲ್ಲವೆಂದೆನಲ್ಲ, ಆ ನಡುವಿನ ಮೆಟ್ಟಿಲು ಅದು. ಬ್ರಿಟನ್ನಿನಲ್ಲಿ ಸವಾರರಿಗೆ 14 ವರ್ಷ ತುಂಬಿರಬೇಕು. ಸಿಂಗಪುರದಲ್ಲಿ 16 ತುಂಬಿರಬೇಕು, ಸೈಕಲ್ಲಿಗೆ ಸರ್ಕಾರದ ಕಿತ್ತಳೆ ಬಣ್ಣದ ಮುದ್ರೆ ಇರಬೇಕು, ಸವಾರರು ಲಿಖಿತ ಪರೀಕ್ಷೆಯೊಂದನ್ನೂ ಪಾಸಾಗಿರಬೇಕು. ಅಮೆರಿಕದಲ್ಲಿ 750 ವ್ಯಾಟಿನವರೆಗೆ ಅವಕಾಶವಿದೆ, ಉಳಿದದ್ದು ರಾಜ್ಯಕ್ಕೊಂದು ರೀತಿ. ಇಷ್ಟರ ಮೇಲೆ 160 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ನಮ್ಮ ಸಣ್ಣ ಸೈಕಲ್ಲಿನ 36 ವೋಲ್ಟ್, 7.5 ಆಂಪಿಯರ್-ಅವರ್ ಬ್ಯಾಟರಿಯೇ 270 ಆಗುತ್ತದೆ. ಆ ದುಡ್ಡನ್ನು ಅವಳಿಗೇ ಕಳುಹಿಸಿ, ಅಲ್ಲಿಯೇ ಕೊಂಡುಕೊಳ್ಳಲಿ.